ಒದ್ದಾಡ್ತಿದ್ರು: ಯಾವಾಗಿನಿಂದ?

ಕಳೆದ ವರ್ಷ ಆಷಾಢದಲ್ಲಿ ಪುಣೆಯ ಮಳೆ ಬಿಡುವು ಕೊಡದೆ ಹೊಯ್ಯುತ್ತಿದ್ದ ಒಂದು ಬೆಳಗಿನ ಜಾವ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಪ್ಪ ಅಮ್ಮ ತಿಪಟೂರಿನಿಂದ ಬಂದು ಹತ್ತು ದಿನವಾಗಿತ್ತಷ್ಟೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನಮ್ಮ ಮುಂದೆ ನಿಂತ ಯುವ ವೈದ್ಯೆಗೆ ಕನ್ನಡ ಬರುತ್ತಿರಲಿಲ್ಲ, ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಆಮ್ಲಜನಕದ ಮುಖವಾಡ ಹಾಕಿಕೊಂಡಿದ್ದ ಅಪ್ಪ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಡುವೆ ದುಭಾಷಿಯಾಗಿ ನಾನು. ಊರು ಬಿಟ್ಟು ಬದುಕುವ ನಮ್ಮಲ್ಲಿ ಬಹಳ ಜನರಿಗೆ ಈ ಕೆಲಸ ಒಂದಲ್ಲ ಒಂದು ದಿನ ತಲೆಯ ಮೇಲೆ ಬಿದ್ದೇ ಬೀಳುತ್ತದೆ.

"ಏನಾಯಿತು?" ಎಂದು ವೈದ್ಯೆ ಕೇಳಿದರು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಹೇಳಿದ್ದು ಒಂದೇ ವಾಕ್ಯ: "ರಾತ್ರಿ ಉಸಿರಿಗೆ ಒದ್ದಾಡ್ತಿದ್ರು ಕಣೋ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. "ಲಾಸ್ಟ್ ನೈಟ್ ಹಿ ವಾಸ್ ಸ್ಟ್ರಗ್ಲಿಂಗ್ ಟು ಬ್ರೀದ್."

ವೈದ್ಯೆ ಬರೆದುಕೊಂಡರು. ಆಮೇಲೆ ಅಪ್ಪನ ಕಾಲಿನ ಮೇಲಿದ್ದ ಹೊದಿಕೆ ಸರಿಸಿ, ಕಣಕಾಲಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗದಲ್ಲಿ ಸಣ್ಣ ಗುಳಿ ಹಾಗೆಯೇ ಉಳಿಯಿತು. ಅವರು ನನ್ನನ್ನು ನೋಡಿ, "ಇಷ್ಟು ಊತ ಒಂದು ರಾತ್ರಿಯಲ್ಲಿ ಬರುವುದಿಲ್ಲ. ಮಲಗುವಾಗ ಎಷ್ಟು ದಿಂಬು ಇಟ್ಟುಕೊಳ್ಳುತ್ತಾರೆ, ಕೇಳಿ" ಎಂದರು. ದಿಂಬಿನ ಪ್ರಶ್ನೆ ಯಾಕೆ ಬಂತು ಎಂದು ನನಗೆ ಹೊಳೆಯಲಿಲ್ಲ. ಅಮ್ಮನನ್ನು ಕೇಳಿದೆ.

"ಯುಗಾದಿ ಆದಾಗಿನಿಂದ ಎರಡು ದಿಂಬು ಇಟ್ಕೊಂಡು ಮಲಗೋರು. ಆಮೇಲೆ ಮೂರಾಯ್ತು. ಒಂದೊಂದು ದಿನ ಕುರ್ಚಿ ಮೇಲೇ ಕೂತು ನಿದ್ದೆ ಮಾಡೋರು. ಅದೇ ಹೇಳಿದ್ನಲ್ಲ, ರಾತ್ರಿ ಒದ್ದಾಡ್ತಿದ್ರು ಅಂತ."

ಯುಗಾದಿಯಿಂದ ಆಷಾಢಕ್ಕೆ ನಾಲ್ಕು ತಿಂಗಳು. ಅಮ್ಮ ನಾಲ್ಕು ತಿಂಗಳ ಕತೆ ಹೇಳಿದ್ದರು, ನಾನು ಅದನ್ನು ಒಂದು ರಾತ್ರಿಗೆ ಇಳಿಸಿಬಿಟ್ಟಿದ್ದೆ. ವೈದ್ಯೆ ತಾವು ಬರೆದಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಅಪ್ಪನ ಹೃದಯಕ್ಕೆ ರಕ್ತವನ್ನು ತಳ್ಳುವ ಶಕ್ತಿ ನಿಧಾನವಾಗಿ ಕುಗ್ಗುತ್ತಾ ಬಂದಿತ್ತು. ಅಂಗಾತ ಮಲಗಿದರೆ ಶ್ವಾಸಕೋಶದಲ್ಲಿ ನೀರಿನಂಶ ಹೆಚ್ಚಿ ಉಸಿರು ಕಟ್ಟುತ್ತಿತ್ತು, ಅದಕ್ಕೇ ದಿಂಬು ಒಂದರಿಂದ ಎರಡು, ಎರಡರಿಂದ ಮೂರು ಆಗಿತ್ತು. ಆ ವೈದ್ಯೆ ಕಾಲು ಒತ್ತಿ ನೋಡದೆ ನನ್ನ ಇಂಗ್ಲಿಷನ್ನು ನಂಬಿ ಮುಂದೆ ಹೋಗಿದ್ದರೆ? ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಪ್ಪ ಈಗ ಚೆನ್ನಾಗಿದ್ದಾರೆ. ಆದರೆ ಅಂದು ನಾನು ಮಾಡಿದ ತಪ್ಪು ಶಬ್ದದ್ದಲ್ಲ. ಒದ್ದಾಡು ಎಂದರೆ ಸ್ಟ್ರಗಲ್, ಸರಿಯಾಗಿಯೇ ಇದೆ. ತಪ್ಪಿದ್ದು ಆ ಶಬ್ದದ ಬಾಲದಲ್ಲಿ, "ತಿದ್ರು" ಎಂಬ ಎರಡಕ್ಷರದಲ್ಲಿ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಆರು ದಿನ ನಾನು ಯೋಚಿಸಿದ್ದು ಬಹುಪಾಲು ಇದನ್ನೇ. ನಾನು ಭಾಷಾ ವಿದ್ವಾಂಸನಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ಎಲ್ಲಿ ತಪ್ಪಾಯಿತು ಎಂದು ಹಿಂದಕ್ಕೆ ಹೋಗಿ ಹುಡುಕುವುದೇ ನಮ್ಮ ಕಸುಬಲ್ಲವೇ? ಹಾಗೆ ಹುಡುಕಿದಾಗ ಸಿಕ್ಕಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಒದೆದು ಆಡುವ ಕ್ರಿಯೆ

ಮೊದಲು ಕ್ರಿಯಾಪದವನ್ನೇ ನೋಡೋಣ. ಒದ್ದಾಡು ಎನ್ನುವುದು ಒದೆ ಮತ್ತು ಆಡು ಸೇರಿ ಆದದ್ದು. ಕೈಕಾಲು ಒದೆಯುವುದು, ಮತ್ತೆ ಮತ್ತೆ ಒದೆಯುವುದು. ಕನ್ನಡದಲ್ಲಿ ಈ "ಆಡು" ಬಂದು ಸೇರಿದರೆ ಸಾಮಾನ್ಯವಾಗಿ ಕ್ರಿಯೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಓಡು ಎಂದರೆ ಒಂದು ದಿಕ್ಕಿಗೆ ಓಟ, ಓಡಾಡು ಎಂದರೆ ಆ ಕಡೆ ಈ ಕಡೆ. ಎಳೆ ಎಂದರೆ ಒಂದು ಎಳೆತ, ಎಳೆದಾಡು ಎಂದರೆ ಬಿಡದ ಎಳೆತ. ಅಲೆದಾಡು, ತೂಗಾಡು, ತೇಲಾಡು, ಕಿತ್ತಾಡು ಎಲ್ಲವೂ ಇದೇ ಬಳಗದವು.

ಕಷ್ಟಕ್ಕೆ ಸಂಬಂಧಿಸಿದ ನಮ್ಮ ಕ್ರಿಯಾಪದಗಳಲ್ಲಿ ಎಷ್ಟೊಂದು ಈ ಬಳಗಕ್ಕೆ ಸೇರಿವೆ ನೋಡಿ! ನೋವಿನಲ್ಲಿ ಒದ್ದಾಡುತ್ತೇವೆ. ಕೈಗೆ ಬಗ್ಗದ ಕೆಲಸದೊಂದಿಗೆ ಹೆಣಗಾಡುತ್ತೇವೆ. ನೀರಿಗೋ ಬಾಡಿಗೆ ಮನೆಗೋ ಪರದಾಡುತ್ತೇವೆ. ಮುಜುಗರದಲ್ಲಿ ಸಿಕ್ಕಿ ಪೇಚಾಡುತ್ತೇವೆ. ಮನಸ್ಸಿನೊಳಗೆ ತೊಳಲಾಡುತ್ತೇವೆ. ನ್ಯಾಯಕ್ಕಾಗಿ ಹೋರಾಡುತ್ತೇವೆ. ಇಂಗ್ಲಿಷಿನ ಒಂದು ಸ್ಟ್ರಗಲ್ ಇವೆಲ್ಲದರ ಕೆಲಸವನ್ನೂ ಮಾಡಿಬಿಡುತ್ತದೆ. ಪದಗಳ ವಿಷಯದಲ್ಲಿ ನಾವು ಶ್ರೀಮಂತರು. ಕಷ್ಟ ಯಾವ ಬಗೆಯದು ಎಂದು ಹೇಳುವುದರಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ನಿಖರತೆ ಇದೆ.

ಆದರೆ ಕಷ್ಟ ಯಾವಾಗಿನದು ಎಂದು ಹೇಳುವಾಗ?

ಒಂದು ರೂಪ, ಎರಡು ಕೆಲಸ

ಶಾಲೆಯ ಇಂಗ್ಲಿಷ್ ಪಾಠ ನೆನಪಿರಬಹುದು. ಪಾಸ್ಟ್ ಕಂಟಿನ್ಯುಯಸ್ ಎಂದರೆ ಭೂತಕಾಲದಲ್ಲಿ ನಡೆಯುತ್ತಿದ್ದ ಕ್ರಿಯೆ. ವಾಸ್ ಅಥವಾ ವರ್, ಜೊತೆಗೆ ಐಎನ್‌ಜಿ. ಕನ್ನಡದಲ್ಲಿ "ಉತ್ತಿದ್ದ". ನಮ್ಮ ಮೇಷ್ಟ್ರು ಇವೆರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ನಡುವೆ ಸಮ ಚಿಹ್ನೆ ಹಾಕಿದ್ದರು. ನನ್ನ ಆಸ್ಪತ್ರೆಯ ತಪ್ಪಿನ ಬೇರು ಆ ಸಮ ಚಿಹ್ನೆಯಲ್ಲಿದೆ.

"ಒದ್ದಾಡುತ್ತ" ಎಂಬುದು ಇನ್ನೂ ಮುಗಿಯದ ಕ್ರಿಯೆಯನ್ನು ಹೇಳುವ ಕೃದಂತ. ಅದರ ಪಕ್ಕದಲ್ಲಿ "ಇರು" ಧಾತುವಿನ ಭೂತಕಾಲದ ರೂಪ "ಇದ್ದರು" ಬಂದು ನಿಲ್ಲುತ್ತದೆ. ಎರಡೂ ಕೂಡಿ ಒದ್ದಾಡುತ್ತಿದ್ದರು. ಆಡುಮಾತಿನಲ್ಲಿ ಒದ್ದಾಡ್ತಿದ್ರು. ಈ ರೂಪ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ.

ಒಂದು, ಆ ಹೊತ್ತಿನಲ್ಲಿ ನಡೆಯುತ್ತಿದ್ದದ್ದು. "ನಾನು ಬಾಗಿಲು ತೆಗೆದಾಗ ಅಪ್ಪ ಒದ್ದಾಡುತ್ತಿದ್ದರು." ಇದಕ್ಕೆ ವಾಸ್ ಸ್ಟ್ರಗ್ಲಿಂಗ್ ಸರಿಯಾಗಿ ಹೊಂದುತ್ತದೆ.

ಎರಡು, ಹಿಂದೆ ರೂಢಿಯಾಗಿ ನಡೆಯುತ್ತಿದ್ದದ್ದು. "ಚಿಕ್ಕವನಿದ್ದಾಗ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದೆ." ಇದು ಒಂದು ದಿನದ ಮಾತಲ್ಲ, ವರ್ಷಗಳದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಯೂಸ್ಡ್ ಟು ಎಂದು ಬೇರೆಯೇ ದಾರಿ ಇದೆ. ಆದರೆ ಸಮ ಚಿಹ್ನೆಯನ್ನು ನಂಬಿದ ನಾವು "ಐ ವಾಸ್ ಗೋಯಿಂಗ್ ಟು ಸ್ಕೂಲ್ ಬೈ ವಾಕ್" ಎನ್ನುತ್ತೇವೆ. ಆಫೀಸಿನಲ್ಲಿ ಯಾರಾದರೂ ಹೀಗೆ ಹೇಳಿದರೆ ಕೇಳುವವರು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ, ಏನೂ ಕೆಡುವುದಿಲ್ಲ. ಆಸ್ಪತ್ರೆಯಲ್ಲಿ ಕೆಡುತ್ತದೆ.

ಇನ್ನು ಮೂರನೆಯದೂ ಒಂದಿದೆ. ಹಿಂದೆ ಯಾವಾಗಲೋ ಶುರುವಾಗಿ, ಒಂದು ಘಟ್ಟದವರೆಗೆ ಎಡೆಬಿಡದೆ ನಡೆದು ಬಂದದ್ದು. ನಾನು ಆ ಬೆಳಿಗ್ಗೆ ಹೇಳಬೇಕಾಗಿದ್ದದ್ದು ಇದನ್ನೇ: "ಹಿ ಹ್ಯಾಸ್ ಬೀನ್ ಸ್ಟ್ರಗ್ಲಿಂಗ್ ಟು ಬ್ರೀದ್ ಅಟ್ ನೈಟ್ ಫಾರ್ ಫೋರ್ ಮಂತ್ಸ್." ಕನ್ನಡದಲ್ಲಿ ಇದಕ್ಕೆ ಕ್ರಿಯಾಪದದ ರೂಪ ಬದಲಾಗಬೇಕಿಲ್ಲ. "ನಾಲ್ಕು ತಿಂಗಳಿಂದ ಒದ್ದಾಡ್ತಿದ್ರು" ಎಂದರೆ ಸಾಕು. ಭಾರವೆಲ್ಲ "ಇಂದ" ಎಂಬ ವಿಭಕ್ತಿಯ ಮೇಲೆ. ಆ "ಇಂದ" ಬಾಯಿಗೆ ಬರದೆ ಉಳಿದರೆ ನಾಲ್ಕು ತಿಂಗಳೂ ಕಣ್ಮರೆ.

ಅಮ್ಮನ ವಾಕ್ಯದಲ್ಲಿ ಇನ್ನೊಂದು ತೊಡಕೂ ಇತ್ತು. "ರಾತ್ರಿ ಬಂದ" ಎಂದರೆ ನಿನ್ನೆ ರಾತ್ರಿ ಬಂದ. "ರಾತ್ರಿ ಓದುತ್ತಿದ್ದ" ಎಂದರೆ ನಿನ್ನೆ ರಾತ್ರಿಯೂ ಆಗಬಹುದು, ದಿನಾ ರಾತ್ರಿಯೂ ಆಗಬಹುದು. ಹೀಗೆ ಎರಡು ಕಡೆ ತೆರೆದಿದ್ದ ವಾಕ್ಯವನ್ನು ನಾನು ಎರಡೂ ಕಡೆ ಮುಚ್ಚಿ ವೈದ್ಯೆಯ ಕೈಗಿಟ್ಟಿದ್ದೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಬಂದ ಲಾಗ್‌ನಲ್ಲಿ ಟೈಮ್‌ಸ್ಟಾಂಪ್ ಇರಲಿಲ್ಲ, ನಾನೇ ಒಂದನ್ನು ಊಹಿಸಿ ತುಂಬಿಸಿದ್ದೆ.

ಇದು ಕನ್ನಡದ ಕೊರತೆ ಎನ್ನುವಂತಿಲ್ಲ. ಅಮ್ಮನ ಎರಡನೆಯ ಉತ್ತರವನ್ನು ಮತ್ತೊಮ್ಮೆ ನೋಡಿ. "ಮಲಗೋರು", "ನಿದ್ದೆ ಮಾಡೋರು" ಎಂದಿದ್ದರು. ಹಳೇ ಮೈಸೂರಿನ ಆಡುಮಾತಿನಲ್ಲಿ ಹಿಂದಿನ ರೂಢಿಯನ್ನು ಹೇಳಲು ಇರುವ ಸೊಗಸಾದ ರೂಪ ಇದು. ಅಜ್ಜ ದಿನಾ ತೋಟಕ್ಕೆ ಹೋಗೋರು, ಅಜ್ಜಿ ಕತೆ ಹೇಳೋರು. ಇದರಲ್ಲಿ ಒಂದು ದಿನ ಎಂಬ ಅರ್ಥ ಬರುವುದೇ ಇಲ್ಲ. ಧಾರವಾಡದ ಕಡೆಯ ಗೆಳೆಯರು ಇದೇ ಭೇದವನ್ನು ಇನ್ನೊಂದು ತುದಿಯಿಂದ ತೋರಿಸುತ್ತಾರೆ. ಅವರು "ಒದ್ದಾಡಾಕ ಹತ್ತಿದ್ರು" ಎಂದರೆ ಹೆಚ್ಚಾಗಿ ಆ ಹೊತ್ತಿನಲ್ಲಿ ನಡೆದಿದ್ದ ಕ್ರಿಯೆಯನ್ನೇ ಹೇಳುತ್ತಿರುತ್ತಾರೆ. ಅಂದರೆ ನಮ್ಮ ಮನೆಮಾತಿಗೆ ಈ ವ್ಯತ್ಯಾಸ ಗೊತ್ತು. ಪಠ್ಯಪುಸ್ತಕದ "ಉತ್ತಿದ್ದ" ಎರಡನ್ನೂ ಒಂದೇ ಹೊದಿಕೆಯಡಿ ಮಲಗಿಸುತ್ತದೆ.

ನೆರೆಹೊರೆಯ ಭಾಷೆಗಳಲ್ಲಿ

ನಾವು ದಿನವೂ ಆಡುವ ನೆರೆಯ ಭಾಷೆಗಳು ಇಲ್ಲಿ ನೆರವಿಗೆ ಬರುತ್ತವೆ. ಹಿಂದಿಯಲ್ಲಿ "ತಡಪ್ ರಹೇ ಥೇ" ಎಂದರೆ ಆಗ ಒದ್ದಾಡುತ್ತಿದ್ದರು, "ತಡಪ್ತೇ ಥೇ" ಎಂದರೆ ಹಾಗೆ ಒದ್ದಾಡುವುದು ಇತ್ತು. ಮರಾಠಿಯಲ್ಲಿ "ತಡಫಡತ್ ಹೋತೆ" ಆ ಹೊತ್ತಿನದು, "ತಡಫಡಾಯಚೆ" ರೂಢಿಯದು. ಚೆನ್ನೈನಲ್ಲಿರುವವರಿಗೆ ಗೊತ್ತಿರುವಂತೆ ತಮಿಳಿನ "ಕಷ್ಟಪಟ್ಟುಕ್ಕೊಂಡಿರುಂದಾರ್" ನಡೆಯುತ್ತಿದ್ದ ಕ್ರಿಯೆ. ಹಿಂದಿನ ರೂಢಿಗೆ ತಮಿಳರು ಭವಿಷ್ಯತ್ತಿನ ರೂಪವನ್ನೇ ಬಳಸಿ "ಕಷ್ಟಪ್ಪಡುವಾರ್" ಎನ್ನುತ್ತಾರೆ. ನಮ್ಮ "ಮಲಗೋರು" ಕೂಡ "ಮಲಗುವವರು" ಎಂಬುದರಿಂದ ಬಂದದ್ದು ಎಂಬುದನ್ನು ಗಮನಿಸಿದರೆ, ಇಬ್ಬರ ಯೋಚನೆಯೂ ಒಂದೇ ದಾರಿಯಲ್ಲಿ ನಡೆದಂತೆ ಕಾಣುತ್ತದೆ.

ಹಾಗಾಗಿ ದುಭಾಷಿಯ ಜಾಗದಲ್ಲಿ ನಿಂತಾಗ ಇಂಗ್ಲಿಷಿಗೇ ಹೋಗಬೇಕೆಂದಿಲ್ಲ. ಎದುರಿನ ವೈದ್ಯರು ಮರಾಠಿಯವರೋ ಹಿಂದಿಯವರೋ ಆಗಿದ್ದರೆ, ಆ ಭಾಷೆ ನಮ್ಮ ಬಾಯಿಗೆ ಬರುತ್ತಿದ್ದರೆ, ಆ ರೂಪಗಳೇ "ಯಾವುದು ಹೇಳಬೇಕು, ಆಗಿನದೋ ರೂಢಿಯದೋ" ಎಂದು ನಮ್ಮನ್ನು ತಡೆದು ಕೇಳುತ್ತವೆ. ಇಂಗ್ಲಿಷಿನಲ್ಲಿ ಶಾಲೆಯ ಸಮ ಚಿಹ್ನೆ ನಮ್ಮನ್ನು ಯೋಚಿಸಲು ಬಿಡದೆ ಮುಂದಕ್ಕೆ ತಳ್ಳಿಬಿಡುತ್ತದೆ.

ಸ್ಟ್ಯಾಂಡಪ್ ಮೀಟಿಂಗ್‌ನಲ್ಲೂ ಇದೇ

ಆಸ್ಪತ್ರೆಯಿಂದ ಆಫೀಸಿಗೆ ಮರಳಿದ ಮೇಲೆ ಇದೇ ಕ್ರಿಯಾಪದ ಇನ್ನೊಂದು ವೇಷದಲ್ಲಿ ಎದುರಾಯಿತು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ದಾವಣಗೆರೆ ಕಡೆಯ ಹುಡುಗನೊಬ್ಬ ಬೆಳಗಿನ ಮೀಟಿಂಗ್‌ನಲ್ಲಿ, "ಐ ವಾಸ್ ಸ್ಟ್ರಗ್ಲಿಂಗ್ ವಿತ್ ದಿಸ್ ಮಾಡ್ಯೂಲ್" ಎಂದ. ಮೀಟಿಂಗ್ ನಡೆಸುತ್ತಿದ್ದವರು "ಗುಡ್" ಎಂದು ಮುಂದಿನವರ ಕಡೆ ಹೋದರು. ಅವರ ಕಿವಿಗೆ ಬಿದ್ದದ್ದು ಮುಗಿದ ಕಷ್ಟ. ಇಂಗ್ಲಿಷಿನಲ್ಲಿ ವಾಸ್ ಎಂದಷ್ಟೇ ಹೇಳಿ ನಿಲ್ಲಿಸಿದರೆ "ಈಗ ಹಾಗಿಲ್ಲ" ಎಂಬ ಧ್ವನಿ ಸುಲಭವಾಗಿ ಹೊರಡುತ್ತದೆ. ಹುಡುಗನ ಮನಸ್ಸಿನಲ್ಲಿದ್ದದ್ದು "ಸೋಮವಾರದಿಂದ ಇದರ ಜೊತೆ ಗುದ್ದಾಡ್ತಾ ಇದ್ದೆ, ಇನ್ನೂ ಬಗೆಹರಿದಿಲ್ಲ" ಎಂಬುದು. ನಾಲ್ಕನೆಯ ದಿನ ಅವನು ಕ್ಯಾಂಟೀನಿನಲ್ಲಿ ನನ್ನ ಬಳಿ ಕನ್ನಡದಲ್ಲಿ ಬಾಯಿಬಿಟ್ಟಾಗಲೇ ಅದು ಗೊತ್ತಾದದ್ದು. ಐ ಹ್ಯಾವ್ ಬೀನ್ ಸ್ಟ್ರಗ್ಲಿಂಗ್ ಸಿನ್ಸ್ ಮಂಡೇ ಎಂದಿದ್ದರೆ ಅಂದೇ ಯಾರಾದರೂ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು.

ಇಲ್ಲಿ ವ್ಯಾಕರಣದ ಜೊತೆಗೆ ಸಂಕೋಚವೂ ಇದೆ ಎನ್ನಿಸುತ್ತದೆ. ಕಷ್ಟ ನಡೆಯುತ್ತಿರುವಾಗ ಅದನ್ನು ವರ್ತಮಾನದಲ್ಲಿ ಹೇಳಲು ನಮಗೆ ನಾಲಿಗೆ ಏಳುವುದಿಲ್ಲ. "ಹೇಗಿದ್ದೀಯಾ?" ಎಂದರೆ "ಆರಾಮ". ಊರಿಂದ ಫೋನ್ ಬಂದರೂ ಆರಾಮ, ಊರಿಗೆ ಫೋನ್ ಮಾಡಿದರೂ ಆರಾಮ. ವರ್ಷ ಕಳೆದ ಮೇಲೆ, "ಆಗ ಬಹಳ ಒದ್ದಾಡ್ತಿದ್ದೆ" ಎಂದು ಒಂದು ಮಾತು ಹೊರಬೀಳುತ್ತದೆ. ನಾನು ಪುಣೆಗೆ ಬಂದ ಮೊದಲ ವರ್ಷ ಹೇಗಿತ್ತು ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಮನೆ ಕೊಂಡ ಮೇಲೆಯೇ. ಗೆದ್ದ ಮೇಲೆ ಹೇಳುವ ಕಷ್ಟಕ್ಕೆ ಮರ್ಯಾದೆ ಇದೆ, ನಡುವೆ ಹೇಳಿದರೆ ದೂರು ಎನ್ನಿಸಿಕೊಳ್ಳುತ್ತದೆ ಎಂಬ ಅಂಜಿಕೆ.

ಫಲ ಬೇಡದ ಕ್ರಿಯಾಪದ

ಈ ಅಂಜಿಕೆಗೆ ವ್ಯಾಕರಣವೇ ಒಂದು ಉತ್ತರ ಕೊಡುತ್ತದೆ. ಝೆನೋ ವೆಂಡ್ಲರ್ ಎಂಬ ತತ್ತ್ವಶಾಸ್ತ್ರಜ್ಞರು 1957ರಲ್ಲಿ ಬರೆದ ಲೇಖನವೊಂದರಲ್ಲಿ ಕ್ರಿಯಾಪದಗಳನ್ನು ಅವು ಕಾಲದಲ್ಲಿ ಹೇಗೆ ಹರಡಿಕೊಳ್ಳುತ್ತವೆ ಎಂಬುದರ ಮೇಲೆ ನಾಲ್ಕು ಗುಂಪು ಮಾಡಿದರು. ನಮಗೆ ಬೇಕಾದ ವ್ಯತ್ಯಾಸ ಸರಳವಾದದ್ದು. ಕೆಲವು ಕ್ರಿಯೆಗಳಿಗೆ ಒಂದು ಗುರಿ ಇರುತ್ತದೆ, ಅದು ತಲುಪಿದಾಗಷ್ಟೇ ಕ್ರಿಯೆ ಆಯಿತು ಎನ್ನಬಹುದು. ಕೆಲವಕ್ಕೆ ಅಂಥ ಗುರಿ ಇರುವುದಿಲ್ಲ.

"ರಸ್ತೆ ದಾಟುತ್ತಿದ್ದೆ" ಎಂದರೆ ರಸ್ತೆ ದಾಟಿದೆ ಎಂದಾಗುವುದಿಲ್ಲ. ನಡುವಿನಲ್ಲೇ ಬಸ್ಸು ಬಂದು ಹಿಂದಕ್ಕೆ ಓಡಿರಬಹುದು. "ಮನೆ ಕಟ್ಟಿಸುತ್ತಿದ್ದೆ" ಎಂದರೆ ಮನೆ ಆಯಿತು ಎಂದಲ್ಲ. ಆದರೆ "ಒದ್ದಾಡುತ್ತಿದ್ದೆ" ಎಂದರೆ ಒದ್ದಾಡಿದೆ ಎಂದೇ ಅರ್ಥ. ಮೊದಲ ಗಳಿಗೆಯಿಂದಲೇ ಅದು ನಿಜ. ಕೊನೆಗೆ ಗೆದ್ದೆನೋ ಸೋತೆನೋ, ಬಿಟ್ಟು ಎದ್ದೆನೋ, ಆ ವಾಕ್ಯ ಸುಳ್ಳಾಗುವುದಿಲ್ಲ. ಹೆಣಗಾಡುವುದು, ಪರದಾಡುವುದು, ಹೋರಾಡುವುದು ಕೂಡ ಹೀಗೆಯೇ. ಅವು ನಡೆದಿವೆ ಎನ್ನಲು ಫಲಿತಾಂಶದ ಪ್ರಮಾಣಪತ್ರ ಬೇಕಿಲ್ಲ.

ಅಂದಮೇಲೆ ಗೆಲ್ಲುವವರೆಗೂ ಕಾದು ಹೇಳಬೇಕು ಎಂಬ ನಮ್ಮ ರೂಢಿಗೆ ಭಾಷೆಯ ಬೆಂಬಲ ಇಲ್ಲ. ಅಪ್ಪ ಮೂರನೆಯ ದಿಂಬಿನವರೆಗೂ ಕಾಯಬೇಕಾಗಿರಲಿಲ್ಲ. ಮೊದಲ ರಾತ್ರಿಯೇ "ಮಲಗಿದ್ರೆ ಉಸಿರಿಗೆ ಒದ್ದಾಡ್ತೀನಿ" ಎನ್ನಬಹುದಾಗಿತ್ತು. ಆ ನಾಲ್ಕು ತಿಂಗಳಲ್ಲಿ ವಾರಕ್ಕೆರಡು ಸಲವಾದರೂ ನಾನು ಫೋನಿನಲ್ಲಿ ಕೇಳಿದ್ದೆ. ಪ್ರತಿ ಸಲವೂ ಉತ್ತರ ಆರಾಮ. ಅಮ್ಮನಿಗೂ "ಅವನಿಗೆ ಹೇಳಬೇಡ, ಕೆಲಸದಲ್ಲಿರ್ತಾನೆ" ಎಂದಿದ್ದರಂತೆ. ಅವರನ್ನು ದೂರಲಾರೆ. ನನಗೆ ಆರಾಮ ಎನ್ನುವುದನ್ನು ಕಲಿಸಿದವರು ಅವರೇ, ನಾನೂ ಅದನ್ನೇ ಅವರಿಗೆ ತಿರುಗಿ ಹೇಳುತ್ತಾ ಬಂದಿದ್ದೆ.

ಮೂರು ಪ್ರಶ್ನೆ

ಅಂದಿನಿಂದ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯಲ್ಲಿ ಯಾರೇ "ಉತ್ತಿದ್ದೆ" ಎಂದು ಕಷ್ಟದ ಮಾತು ಹೇಳಿದರೂ ಅದನ್ನು ಬೇರೆ ಭಾಷೆಗೆ ತಿರುಗಿಸುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ.

ಯಾವಾಗಿನಿಂದ? ಇದು ಕಾಣೆಯಾದ "ಇಂದ"ವನ್ನು ಹುಡುಕುವ ಪ್ರಶ್ನೆ. ಹಿರಿಯರು ತಾರೀಕು ಹೇಳದೆ ಇರಬಹುದು, ಹಬ್ಬ ಹೇಳುತ್ತಾರೆ. ಯುಗಾದಿಯಿಂದ, ಮಗ್ಗದ ಮನೆಯವರ ಮದುವೆ ಆದಾಗಿನಿಂದ, ಕೊಬ್ಬರಿ ಮಾರಿದ ವಾರದಿಂದ. ಅದನ್ನು ತಿಂಗಳಿಗೆ ಪರಿವರ್ತಿಸುವುದು ನಮ್ಮ ಕೆಲಸ.

ಒಂದೇ ಸಲವೋ, ದಿನಾನೋ, ಆಗಾಗವೋ? ಇದು ಆ ಹೊತ್ತಿನದನ್ನೂ ರೂಢಿಯನ್ನೂ ಬೇರೆ ಮಾಡುವ ಪ್ರಶ್ನೆ. "ನಿದ್ದೆ ಬರ್ತಿರ್ಲಿಲ್ಲ", "ಊಟ ಸೇರ್ತಿರ್ಲಿಲ್ಲ" ಎಂಬ ನಿಷೇಧದ ವಾಕ್ಯಗಳಿಗೂ ಇದು ಬೇಕು. ಅವುಗಳಲ್ಲೂ ಅದೇ ಎರಡು ಅರ್ಥ ಅಡಗಿವೆ.

ಈಗಲೂ ಇದೆಯೋ? ಇದು ವಾಸ್ ಎನ್ನಬೇಕೋ ಹ್ಯಾಸ್ ಬೀನ್ ಎನ್ನಬೇಕೋ ಎಂದು ತೀರ್ಮಾನಿಸುವ ಪ್ರಶ್ನೆ. ಮೀಟಿಂಗ್‌ನಲ್ಲಿ ಹೊಸ ಹುಡುಗರು ವಾಸ್ ಸ್ಟ್ರಗ್ಲಿಂಗ್ ಎಂದಾಗ ಈಗ ನಾನು ಕೇಳುವುದೂ ಇದನ್ನೇ. ಅರ್ಧದಷ್ಟು ಸಲ "ಹೂಂ, ಇನ್ನೂ ಇದೆ" ಎಂಬ ಉತ್ತರ ಬರುತ್ತದೆ.

ಮೂರೂ ಸೇರಿ ಅರ್ಧ ನಿಮಿಷದ ಕೆಲಸ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಅರ್ಧ ನಿಮಿಷ ಇರುತ್ತದೆ. ಅಂದು ನನಗೂ ಇತ್ತು.

ಅಪ್ಪ ಈಗ ತಿಪಟೂರಿನಲ್ಲಿದ್ದಾರೆ. ಉಪ್ಪು ಕಡಿಮೆ, ದಿನಕ್ಕೆ ಇಷ್ಟೇ ನೀರು ಎಂಬ ಲೆಕ್ಕ, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವುದು. ಒಂದೇ ದಿಂಬು. ಹೋದ ಭಾನುವಾರ ಫೋನ್ ಮಾಡಿದಾಗ ಎಂದಿನಂತೆ ಹೇಗಿದ್ದೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗುರುವಾರದಿಂದ ಮೆಟ್ಟಿಲು ಹತ್ತೋಕೆ ಸ್ವಲ್ಪ ಒದ್ದಾಡ್ತಾ ಇದ್ದೀನಿ. ದಿನಾ ಅಲ್ಲ, ಸಂಜೆ ಹೊತ್ತು ಮಾತ್ರ" ಎಂದರು.

ಮಾರನೆಯ ದಿನವೇ ಡಾಕ್ಟರ ಬಳಿ ಹೋಗಿ ಬಂದರು. ಮಾತ್ರೆಯ ಪ್ರಮಾಣ ಸ್ವಲ್ಪ ಬದಲಾಯಿತು, ಅಷ್ಟೇ.